ನಿರ್ದೇಶಕಿ ತರಿಸಿದ ಎಳನೀರು

ಆಡಳಿತ ಮಂಡಳಿಯಲ್ಲಿ ಕಾರ್ಮಿಕರೊಬ್ಬರು ಕೂರಬೇಕು, ವಾರ್ಷಿಕ ವರದಿಗೆ ಅವರ ಸಹಿಯೂ ಬೇಕು ಎಂಬ ಹೊಸ ಕಾನೂನು ಬಂದಿತ್ತು. ಗಾರ್ಮೆಂಟ್ಸ್ ಕಂಪನಿಯ ಅಧ್ಯಕ್ಷರು ಬಾಯಿಸತ್ತವಳನ್ನೇ ಹುಡುಕಿ, ಕಾಲರ್ ಹೊಲಿಯುವ ಗಂಗರತ್ನಮ್ಮನನ್ನು ನಿರ್ದೇಶಕಿ ಮಾಡಿದರು.

"ಹನ್ನೆರಡನೇ ಪುಟ ನೋಡಿದ್ಯೇನಮ್ಮ? 'ಕಾರ್ಖಾನೆಯ ಪ್ರತಿ ಮಹಡಿಯಲ್ಲೂ ಶುಚಿಯಾದ ಶೌಚಾಲಯ, ಸದಾ ನೀರು.' ತಕರಾರಿಲ್ಲ ತಾನೇ?" ಸಭೆಗೆ ಮುಂಚೆ ವರದಿಯನ್ನು ಅವಳ ಮುಂದಿಟ್ಟು ಅಧ್ಯಕ್ಷರು ಕೇಳಿದರು.

"ಏನೂ ಇಲ್ಲ ಸಾರ್, ಸಹಿ ಹಾಕ್ತೀನಿ. ಒಂದೇ ಒಂದಾಸೆ. ಈ ಸಲದ ಮೀಟಿಂಗು ನಮ್ಮ ಮೂರನೇ ಮಹಡೀಲಿ ಮಾಡಿ. ಹೆಣ್ಮಕ್ಕಳೂ ನಿಮ್ಮನ್ನ ನೋಡ್ದಂಗಾಯ್ತದೆ."

ಅಧ್ಯಕ್ಷರು ಉಬ್ಬಿಹೋದರು. ಹೆಡ್ ಆಫೀಸು ಬಿಟ್ಟು ಮೊದಲ ಬಾರಿಗೆ ಹೊಲಿಗೆ ಮಿಷನ್ನುಗಳ ನಡುವೆ ಕುರ್ಚಿ ಹಾಕಿಸಿ ಕೂತರು. ಗಂಗರತ್ನಮ್ಮ ಎಲ್ಲರಿಗೂ ಎಳನೀರು ತರಿಸಿದ್ದಳು. ಬಿಸಿಲು ಜೋರು ಎಂದು ಅಧ್ಯಕ್ಷರಿಗೆ ಒತ್ತಾಯ ಮಾಡಿ ಇನ್ನೊಂದು ಕುಡಿಸಿದಳು.

ವರದಿಯನ್ನು ಒಂದೊಂದೇ ಪುಟ ಓದಿ ಒಪ್ಪುತ್ತಾ ಸಭೆ ನಿಧಾನವಾಗಿ ಸಾಗಿತು. ಅಧ್ಯಕ್ಷರು ಮೊದಲು ಕಾಲು ಅಲ್ಲಾಡಿಸಿದರು. ಆಮೇಲೆ ಕುರ್ಚಿಯ ತುದಿಗೆ ಬಂದರು. ಕೊನೆಗೆ ತಡೆಯಲಾರದೆ ಪಕ್ಕದಲ್ಲಿದ್ದ ನಿರ್ದೇಶಕಿಯತ್ತ ಬಾಗಿ ಪಿಸುಗುಟ್ಟಿದರು.

"ಇಲ್ಲಿ ಟಾಯ್ಲೆಟ್ ಎಲ್ಲಿದೆಯಮ್ಮ?"

ಗಂಗರತ್ನಮ್ಮ ವರದಿಯನ್ನು ತೆರೆದು ಅವರ ಮುಂದಕ್ಕೆ ಸರಿಸಿದಳು.

"ಹನ್ನೆರಡನೇ ಪುಟದಲ್ಲಿದೆ ಸಾರ್."