ದುಂಡು ಗುಂಡಿಯ ಲೆಕ್ಕ

ಮೊಮ್ಮಗಳ ಮನೆಗೆ ಪಿಲ್ಲರ್ ಹಾಕುತ್ತಿದ್ದಾರೆ. ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನಾನು ಅಲ್ಲಿ ನಿಲ್ಲಲಾರೆ.

ಯಸಳೂರಿನ ನಮ್ಮ ಎಸ್ಟೇಟ್ ಪಾಲಾದ ವರ್ಷ, ನಾನು ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ. ಡ್ಯಾಡಿ ಮತ್ತು ಚಿಕ್ಕಪ್ಪನ ಪಾಲುಗಳ ನಡುವೆ ಬೇಲಿ ಕಂಬ ನಿಲ್ಲಿಸಲು ದುಂಡಗಿನ ಗುಂಡಿ ತೋಡಿಸಿದ್ದರು. ಕಾಂಕ್ರೀಟಿನ ಖರ್ಚು ಇಬ್ಬರದೂ ಸಮ. ಎಸ್ಟಿಮೇಟ್ ಹಾಕಿದ್ದು ಡ್ಯಾಡಿ. ಜಲ್ಲಿಯ ಲಾರಿ ಅಳೆಯುವ ಅಭ್ಯಾಸದಲ್ಲಿ ಉದ್ದ, ಅಗಲ, ಆಳ ಗುಣಿಸಿಬಿಟ್ಟಿದ್ದರು.

"ದುಂಡನೆ ಗುಂಡಿಗೆ ಮೂಲೆ ಎಲ್ಲಿಂದ ಬಂತಣ್ಣಯ್ಯ? ಇಲ್ದಿರೋ ಮೂಲೆಗೂ ನನ್ನತ್ರ ಸಿಮೆಂಟ್ ಕೇಳ್ತೀಯಲ್ಲ!" ಎಂದು ಆಳುಗಳ ಮುಂದೆಯೇ ನಕ್ಕ ಚಿಕ್ಕಪ್ಪ ನನ್ನತ್ತ ತಿರುಗಿದರು. "ನೀನ್ ಹೇಳು ಪುಟ್ಟಿ, ಇಂಗ್ಲಿಷ್ ಮೇಡಮ್ಮು."

ನಾನು ಕಡ್ಡಿಯಿಂದ ಮಣ್ಣಲ್ಲಿ ಚೌಕ ಗೀಚಿ, ಒಳಗೊಂದು ಸರ್ಕಲ್ ಬರೆದೆ. "ಚಿಕ್ಕಪ್ಪ ಈಸ್ ರೈಟ್, ಡ್ಯಾಡಿ."

"ನನ್ನ ಕಳ್ಳ ಅಂತೀಯೇನೋ?" ಡ್ಯಾಡಿ ಸಲಿಕೆ ಎತ್ತಿ ತಮ್ಮನ ತೋಳಿಗೆ ಬೀಸಿದರು. ಮೂಳೆ ಮುರಿದ ಸದ್ದು ಕೇಳಿತು. ಚಿಕ್ಕಪ್ಪ ಬಿದ್ದಲ್ಲಿಂದಲೇ ಕಲ್ಲು ಎಸೆದರು. ಡ್ಯಾಡಿಯ ಹುಬ್ಬು ಒಡೆದು ಬಿಳಿ ಷರ್ಟೆಲ್ಲ ಕೆಂಪಾಯಿತು. ಅವರನ್ನು ಹೆತ್ತ ನನ್ನಜ್ಜಿ ಓಡಿಬಂದು, "ಕೊಂದ್ಕೊಂಡ್ಬುಡಿ ಇಬ್ರೂ, ಒಂದೇ ಗುಂಡೀಲಿ ಹೂಳ್ತೀನಿ!" ಎಂದು ಕಿರುಚಿದರು.

ಹೆದರಿದ ಮೇಸ್ತ್ರಿ, "ಕಲಸಿದ ಮಾಲು ಗಟ್ಟಿ ಆಯ್ತಾ ಐತೆ, ಕಂಬ ಯಾರಾದ್ರೂ ಹಿಡ್ಕಳಿ," ಎಂದ. ಆಳುಗಳು ಅಲುಗಲಿಲ್ಲ. ಡ್ಯಾಡಿ ಹೋಗಿ ಕಂಬ ಹಿಡಿದರು. ಚಿಕ್ಕಪ್ಪನೂ ಎದ್ದು ಬಂದು, ಆಚೆ ಬದಿಯಿಂದ ಒಂದೇ ಕೈಯಲ್ಲಿ ಹಿಡಿದರು. ಕಾಂಕ್ರೀಟ್ ತುಂಬಿ, ಕಂಬ ವಾಲದಂತೆ ಸುತ್ತ ಮರದ ಆನಿಕೆ ಕೊಟ್ಟು, "ಇನ್ ಬುಡಿ ಯಜಮಾನ್ರೇ," ಎಂದು ಮೇಸ್ತ್ರಿ ಹೇಳಿದ.

ಇಬ್ಬರಲ್ಲಿ ಯಾರೂ ಮೊದಲು ಬಿಡಲಿಲ್ಲ.