ಇಬ್ಬರು ನೀಲಾಂಬಿಕೆಯರು

ಊರಿನವರ ಇಮೇಲ್ ವಿಳಾಸಪುಸ್ತಕಗಳೆಲ್ಲ ಹೊಸ ವ್ಯವಸ್ಥೆಗೆ ಹೋದ ಮೇಲೆ, ಯಾರ ಹೆಸರು ಎರಡು ಸಲ ದಾಖಲಾಗಿತ್ತೋ ಅವರು ಇಬ್ಬರಾಗಿ, ಆಯಾ ವಿಳಾಸದ ಕಾಲದ ನೆನಪಷ್ಟೇ ಹೊತ್ತು, ಮನೆಗೆ ಬರತೊಡಗಿದರು. ಪಂಕಜಾಕ್ಷಿಯ ಅಕ್ಕ ನೀಲಾಂಬಿಕೆಯೂ ಹಾಗೇ ಬಂದಳು. ಹಳೆಯ ವಿಳಾಸದ ಅಕ್ಕ ಬಾಯ್ತುಂಬ ಹರಟುತ್ತಿದ್ದಳು. ಹೊಸ ವಿಳಾಸದವಳು, ಅಮ್ಮ ತೀರಿಕೊಂಡಾಗ ಒರಳುಕಲ್ಲಿಗಾಗಿ ಜಗಳವಾಡಿ ತಂಗಿಯ ಜೊತೆ ಮಾತು ಬಿಟ್ಟವಳು. ಅವಳು ಗೋಡೆ ನೋಡುತ್ತ ಕೂತಿದ್ದಳು.

ಇಂಥ ದುರಸ್ತಿಗೆಂದೇ ಮನೆಮನೆ ಸುತ್ತುತ್ತಿದ್ದ ಸದಾನಂದ ಲ್ಯಾಪ್‌ಟಾಪ್ ತೆರೆದ. "ಇಬ್ರನ್ನೂ ಸೇರಿಸಿ ಒಬ್ರನ್ನ ಮಾಡ್ತೀನಿ ಮೇಡಂ. ಆದ್ರೆ ಒಬ್ರ ನೆನಪು ಮಾತ್ರ ಉಳಿಯುತ್ತೆ. ಯಾರದ್ದು ಇರ್ಲಿ?"

ಪಂಕಜಾಕ್ಷಿ ಹರಟುವ ಅಕ್ಕನ ಕಡೆ ಕೈ ತೋರಿಸುವಷ್ಟರಲ್ಲಿ ಆ ಅಕ್ಕ, "ಪಂಕೀ, ಅಮ್ಮ ಇನ್ನೂ ಎದ್ದಿಲ್ವೇನೇ?" ಎಂದಳು.

ಪಂಕಜಾಕ್ಷಿ ಎತ್ತಿದ ಕೈಯನ್ನು ಕೆಳಗಿಳಿಸಿದಳು. ಗೋಡೆ ನೋಡುತ್ತಿದ್ದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇವಳೇ ಇರ್ಲಿ," ಎಂದು ಪಂಕಜಾಕ್ಷಿ ಅವಳ ಪಕ್ಕ ಹೋಗಿ ಕೂತಳು.

"ಇವ್ರು ಮಾತಾಡಲ್ವಲ್ಲ ಮೇಡಂ?"

"ಪರವಾಗಿಲ್ಲ. ಅಮ್ಮ ಹೋದಾಗ ನನ್ನ ಜೊತೆ ಅತ್ತಿದ್ದು ಇವಳೇ."

ಸದಾನಂದ ಗುಂಡಿ ಒತ್ತಿದ. ಪಂಕಜಾಕ್ಷಿ ಕಾಫಿ ತಂದಿಟ್ಟಳು. ಉಳಿದ ಅಕ್ಕ ಒಂದು ಗುಟುಕು ಕುಡಿದು ಸದಾನಂದನ ಕಡೆ ತಿರುಗಿದಳು.

"ಸಕ್ಕರೆ ಸಾಲದು ಅಂತ ಅವಳಿಗೆ ಹೇಳಪ್ಪ."