ಎದುರು ಗುಡ್ಡದ ಫೋಟೊ

ಥಿನ್ ಬಾಗಿಲಲ್ಲೇ ನಿಂತ. ಬೂಟಿನ ತುಂಬ ಕೆಸರು ಮೆತ್ತಿತ್ತು. ಅದನ್ನು ಕಳಚಲೂ ಇಲ್ಲ, ಒಳಗೆ ಬರಲೂ ಇಲ್ಲ.

"ಮೇಷ್ಟ್ರೇ, ನೀವು ದಿನಾ ಬೆಳಗ್ಗೆ ನಮ್ಮ ಕಡೆ ಕ್ಯಾಮೆರಾ ಹಿಡ್ಕೊಂಡು ನಿಲ್ತಿದ್ರಲ್ಲ. ಅದ್ರಲ್ಲಿ ಯೆನ್ ಎಲ್ಲಾದ್ರೂ ಇದ್ದಾಳಾ?"

ಖಾಯ್ ಮೇಷ್ಟ್ರು ಎದ್ದು ಬಂದು, ಬೂಟು ಬಿಡಿಸಿ, ಕೈ ಹಿಡಿದು ಕೂರಿಸಿದರು. ಹಳ್ಳದಾಚೆಯ ಹನ್ನೊಂದು ಮನೆಗಳ ಮೇಲೆ ಗುಡ್ಡ ಜರಿದು ಬಿದ್ದು ಆರು ವಾರ ಕಳೆದಿತ್ತು. ಆ ದಿನ ಥಿನ್ ದಾಲ್ಚಿನ್ನಿ ತೊಗಟೆ ಸುಲಿಯಲು ಲಾವೊ ಕಾಯ್ ಪಟ್ಟಣದ ದಾರಿಯ ತೋಟಕ್ಕೆ ಹೋಗಿದ್ದ. ಹೆಂಡತಿ ಯೆನ್ ಮನೆಯಲ್ಲಿದ್ದಳು. ಬರುವ ಶನಿವಾರ ಅವಳ ನಲವತ್ತೊಂಬತ್ತನೇ ದಿನದ ತಿಥಿ. ಧೂಪದ ಬಟ್ಟಲಿನ ಹಿಂದೆ ಇಡಲು ಅವಳದೊಂದು ಫೋಟೊ ಬೇಕಿತ್ತು.

"ಅವಳ ಫೋನು ಅವಳ ಜೊತೇಲೇ ಹೋಯ್ತು. ನನ್ನದ್ರಲ್ಲಿ ಬರೀ ಮಾತಾಡಬಹುದು, ಅಷ್ಟೇ. ಕಚೇರೀಲಿ ಕೇಳಿದ್ದಕ್ಕೆ ಗುರುತಿನ ಚೀಟಿ ಫೋಟೊ ಕೊಟ್ರು. ಹದಿನಾರು ವರ್ಷದವಳಿದ್ದಾಗಿಂದು ಮೇಷ್ಟ್ರೇ, ನನ್ನ ಮಗಳ ಥರಾ ಕಾಣ್ತಾಳೆ. ಅದನ್ನಿಟ್ಟು ನಾನು ಹೇಗೆ ಕೈ ಮುಗೀಲಿ? ಅವಳೇ ನಕ್ಕುಬಿಡ್ತಾಳೆ."

ಮೇಷ್ಟ್ರು ಲ್ಯಾಪ್‌ಟಾಪ್ ತೆರೆದರು. ಒಂಬತ್ತು ವರ್ಷದಿಂದ, ಶಾಲೆಗೆ ಹೊರಡುವ ಮೊದಲು, ಹಿತ್ತಲ ಪ್ಲಮ್ ಮರದಡಿ ನಿಂತು ಅವರು ಎದುರು ಗುಡ್ಡದ ಒಂದೇ ಒಂದು ಫೋಟೊ ತೆಗೆಯುತ್ತಿದ್ದರು. ಅವರಿಗಿದ್ದದ್ದು ಅದೊಂದೇ ಚಟ. ಚಳಿ ಕಾಲಿಡುವ ದಿನ ಮಂಜು ಗುಡ್ಡದ ಯಾವ ಮಡಿಕೆಯಿಂದ ಏಳುತ್ತದೆ, ಮೇ ತಿಂಗಳಲ್ಲಿ ಗದ್ದೆಗಳಿಗೆ ನೀರು ಬಿಟ್ಟಾಗ ಯಾವ ಗದ್ದೆಯಲ್ಲಿ ಮೊದಲು ಆಕಾಶ ಕಾಣುತ್ತದೆ, ಭತ್ತ ಹಳದಿಗೆ ತಿರುಗುವ ವಾರ ಗಾಳಿ ಎಲ್ಲಿಂದ ಬೀಸುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಅಷ್ಟು ಫೋಟೊಗಳಲ್ಲಿ ಒಂದು ನರಪಿಳ್ಳೆಯೂ ಇಲ್ಲವೆಂಬುದೂ ಅವರಿಗೆ ಗೊತ್ತಿತ್ತು. ಯಾರಾದರೂ ಅಡ್ಡ ಬಂದರೆ ಅವರು ಹೋಗುವ ತನಕ ಸುಮ್ಮನೆ ನಿಲ್ಲುತ್ತಿದ್ದರು. ಯೆನ್ ಅಂಗಳ ಗುಡಿಸುತ್ತ ಹಳ್ಳದಾಚೆಯಿಂದಲೇ ಕೂಗುವುದಿತ್ತು: "ಮೇಷ್ಟ್ರೇ, ತಲೆ ಬಾಚ್ಕೊಂಡು ಬರ್ಲಾ?" ಇವರು ನಗುತ್ತ, ಆಚೆ ಸರಿ ಎಂದು ಕೈ ಬೀಸುತ್ತಿದ್ದರು. ಅವಳು ಪೊರಕೆ ಎತ್ತಿ ಹೆದರಿಸುವಂತೆ ತೋರಿಸಿ ಹಂದಿಗೂಡಿನ ಹಿಂದೆ ಮರೆಯಾಗುತ್ತಿದ್ದಳು.

ಅದನ್ನು ಥಿನ್‌ಗೆ ಹೇಳಲು ಬಾಯಿ ಬರಲಿಲ್ಲ. "ನೋಡೋಣ" ಎಂದರು.

ಮೊದಮೊದಲು ಥಿನ್ ಮುಖ ಅರಳಿತು. "ಇದು ನಾವು ಹೊಸ ತಗಡು ಹಾಕ್ಸಿದ ವರ್ಷ. ಅಗೋ ನಮ್ಮ ಎಮ್ಮೆ! ಇದು ಎಂಥಾ ಚಳಿ ಅಂತೀರಾ, ಆ ವರ್ಷ ಕೋಳಿಮರಿ ಒಂದೂ ಉಳೀಲಿಲ್ಲ." ಪ್ರತಿ ಫೋಟೊದಲ್ಲೂ ಅವನ ಬೆರಳು ಗುಡ್ಡದ ಬುಡದ ಮೂರನೇ ಮನೆಯ ಮೇಲೆ ಬಂದು ನಿಲ್ಲುತ್ತಿತ್ತು. "ದೊಡ್ಡದು ಮಾಡಿ. ಇನ್ನೂ ಸ್ವಲ್ಪ." ಮೇಷ್ಟ್ರು ಹಿಗ್ಗಿಸುತ್ತಿದ್ದರು. ಬಾಗಿಲು ಕಂದು ಚೌಕಗಳಾಗಿ ಒಡೆದುಹೋಗುತ್ತಿತ್ತು. ಒಂದರಲ್ಲಿ ಹಂದಿಗೂಡಿನ ಪಕ್ಕ ಏನೋ ಕೆಂಪಗೆ ಕಂಡಿತು. ಥಿನ್ ಎದ್ದೇ ನಿಂತ.

"ಬಕೆಟ್ಟು" ಎಂದು ಕುಳಿತ. ಆ ಕೆಂಪಿನ ಮೇಲೆ ಬೆರಳಿಟ್ಟು ಹೇಳಿದ, "ಅವಳದ್ದೇ."

ಮೇಷ್ಟ್ರ ಹೆಂಡತಿ ಹ್ವೆ ಹಸಿರು ಚಹಾ ತಂದಿಟ್ಟು ಗಂಡನ ಹಿಂದೆ ನಿಂತಳು. ಯಾರೂ ಲೋಟ ಮುಟ್ಟಲಿಲ್ಲ. ಈ ವರ್ಷದ ಫೋಟೊಗಳು ಬಂದವು. ಮೇ, ಜೂನ್, ಜುಲೈ, ಆಗಸ್ಟ್. ಸೆಪ್ಟೆಂಬರಿನ ಮೊದಲ ಫೋಟೊದಲ್ಲಿ ಥಿನ್‌ನ ಬೆರಳು ಮನೆಯನ್ನು ಬಿಟ್ಟು ಮೇಲಕ್ಕೆ ಹೋಯಿತು. ಹನ್ನೊಂದು ಮಾಡುಗಳ ಮೇಲೆ, ಗುಡ್ಡದ ಹಸಿರಿನಲ್ಲಿ, ಈ ತುದಿಯಿಂದ ಆ ತುದಿಗೆ ಒಂದು ಕಂದು ಗೆರೆ ಎಳೆದಿತ್ತು.

"ಇದೇನು?"

ಉತ್ತರಕ್ಕೆ ಕಾಯದೆ ತಾನೇ ಗುಂಡಿ ಒತ್ತಿ ಫೋಟೊಗಳನ್ನು ಹಿಂದಕ್ಕೆ ಸರಿಸಿದ. ಆಗಸ್ಟ್ ಇಪ್ಪತ್ತೆಂಟು: ಗೆರೆ ಸಣಕಲಾಯಿತು. ಆಗಸ್ಟ್ ಹನ್ನೊಂದು: ದಾರದ ಎಳೆಯಷ್ಟು. ಜುಲೈನಲ್ಲಿ ಬರೀ ಹಸಿರು. ಮತ್ತೆ ಮುಂದಕ್ಕೆ ಒತ್ತಿದ. ದಾರ ಹಗ್ಗವಾಯಿತು, ಹಗ್ಗ ಬಿರುಕಾಗಿ ಬಾಯಿ ಬಿಟ್ಟಿತು. ಗುಡ್ಡ ಮೂರು ವಾರ ಹೇಳುತ್ತಲೇ ಇತ್ತು.

"ಮೋಡದ ನೆರಳಿರಬೇಕು ಬಿಡು ತಮ್ಮಾ" ಎಂದಳು ಹ್ವೆ. ಅವಳ ಕೈ ಗಂಡನ ಭುಜದ ಮೇಲಿತ್ತು. "ಅಷ್ಟು ದೂರದಿಂದ ಯಾರಿಗೆ ಏನು ಗೊತ್ತಾಗುತ್ತೆ? ಅದೂ ಮಳೇಲಿ."

ಥಿನ್ ಎದ್ದ. ಫೋಟೊ ಬೇಕೆಂದು ಕೇಳಲಿಲ್ಲ. ಹೊಸ್ತಿಲ ಮೇಲೆ ಕುಳಿತು ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ತಲೆ ಎತ್ತದೆಯೇ ಕೇಳಿದ:

"ಮೇಷ್ಟ್ರೇ, ಆ ಗೆರೆ ಆವಾಗ ನಿಮ್ಗೆ ಕಂಡಿತ್ತಾ?"

ಇಲ್ಲ ಎನ್ನಿ ಎಂದು ಹ್ವೆಯ ಕಣ್ಣು ಬೇಡುತ್ತಿತ್ತು. ಮೇಷ್ಟ್ರು ಅವಳತ್ತ ನೋಡಲಿಲ್ಲ.

"ಕಂಡಿತ್ತು. ಯಾರೋ ಹೊಸ ಕಾಲುದಾರಿ ಮಾಡಿದ್ದಾರೆ ಅಂದ್ಕೊಂಡೆ. ಹಸಿರಿನ ಮಧ್ಯೆ ತುಂಬ ಚೆನ್ನಾಗಿತ್ತು, ಥಿನ್. ಅದ್ರ ಮೇಲೆ ಬಿಸಿಲು ಬೀಳ್ಲಿ ಅಂತ ಅರ್ಧ ಗಂಟೆ ಕಾದೆ."